ಒಂದೇ ಕಿರೀಟದವರ ಪಂದ್ಯಾವಳಿ

ಬೆಂಗಳೂರು ಓಪನ್ ಅಂದರೆ ಈಗಿನ ಟೆನಿಸ್ ಪ್ರಿಯರಿಗೆ ನೆನಪಾಗುವುದು ಪುರುಷರ ಚಾಲೆಂಜರ್ ಪಂದ್ಯಾವಳಿ. 2017ರಲ್ಲಿ ಸುಮಿತ್ ನಗಾಲ್, ಮರುವರ್ಷ ಪ್ರಜ್ಞೇಶ್ ಗುಣೇಶ್ವರನ್ ಗೆದ್ದರಲ್ಲ, ಅದು. ಅದಕ್ಕೂ ಸುಮಾರು ಹತ್ತು ವರ್ಷ ಹಿಂದೆ ಇದೇ ಹೆಸರಿನಲ್ಲಿ ಮಹಿಳೆಯರ ವಿಶ್ವ ಟೂರ್‌ನ ಪಂದ್ಯಾವಳಿಯೊಂದು ಈ ಊರಿನಲ್ಲಿ ಮೂರು ವರ್ಷ ನಡೆದಿತ್ತು. ಅದರ ಬಗ್ಗೆ ಕೇಳಿ ನೋಡಿ, ‘ಹೌದು, ಸೆರೆನಾ ಬಂದಿದ್ದರು’ ಎನ್ನುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ. ಸೆರೆನಾ ವಿಲಿಯಮ್ಸ್ ಬಂದದ್ದು ಕೊನೆಯ ವರ್ಷ. ಅದಕ್ಕೆ ಮೊದಲು ಆ ಪಂದ್ಯಾವಳಿಗೆ ಐದು ವರ್ಷಗಳ ಬಾಳ್ವೆಯಿತ್ತು, ಅದರಲ್ಲಿ ಮೂರು ವರ್ಷ ಹೈದರಾಬಾದಿನಲ್ಲಿ. ಈ ಆರು ವರ್ಷಗಳ ವೃತ್ತಾಂತ ಒಂದು ಕಡೆ ಸೇರಿ ದಾಖಲಾಗಿರುವುದು ಕಡಿಮೆ. ಸ್ಮರಣ ಸಂಚಿಕೆಗೆ ಇದಕ್ಕಿಂತ ಸೂಕ್ತವಾದ ಕೆಲಸ ಬೇರೆ ಇಲ್ಲವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಸ್ವಲ್ಪ ಹಿನ್ನೆಲೆ. ಮಹಿಳೆಯರಿಗೆಂದೇ ವೃತ್ತಿಪರ ಟೂರ್ ಹುಟ್ಟಿದ್ದು ಒಂದು ಜಗಳದಿಂದ. 1970ರಲ್ಲಿ ಅಮೆರಿಕದ ಪಂದ್ಯಾವಳಿಯೊಂದರಲ್ಲಿ ಪುರುಷ ವಿಜೇತನಿಗೆ 12,500 ಡಾಲರ್, ಮಹಿಳೆಗೆ 1,500 ಡಾಲರ್ ಎಂದು ಬಹುಮಾನ ನಿಗದಿಯಾಯಿತು. ಬಿಲ್ಲಿ ಜೀನ್ ಕಿಂಗ್, ರೋಸಿ ಕಸಾಲ್ಸ್ ಮೊದಲಾದ ಒಂಬತ್ತು ಮಂದಿ ಸಿಡಿದೆದ್ದರು. ಟೆನಿಸ್ ಪತ್ರಿಕೆಯೊಂದನ್ನು ನಡೆಸುತ್ತಿದ್ದ ಗ್ಲಾಡಿಸ್ ಹೆಲ್ಡ್‌ಮನ್ ಅವರೊಂದಿಗೆ ತಲಾ ಒಂದು ಡಾಲರಿನ ಕರಾರಿಗೆ ಸಹಿ ಹಾಕಿ, ಹ್ಯೂಸ್ಟನ್‌ನಲ್ಲಿ ತಮ್ಮದೇ ಪಂದ್ಯಾವಳಿ ಆಡಿದರು. ಗೆದ್ದವರು ಕಸಾಲ್ಸ್. 1973ರ ಜೂನ್‌ನಲ್ಲಿ, ವಿಂಬಲ್ಡನ್ ಆರಂಭಕ್ಕೆ ಕೆಲವೇ ದಿನ ಮುಂಚೆ, ಲಂಡನ್ನಿನ ಹೋಟೆಲೊಂದರಲ್ಲಿ ಮಹಿಳಾ ಟೆನಿಸ್ ಸಂಘ, ಅಂದರೆ ಡಬ್ಲ್ಯುಟಿಎ, ಹುಟ್ಟಿತು. ಆ ಟೂರ್ ಭಾರತಕ್ಕೆ ಕಾಲಿಡಲು ಮುಂದೆ ಮೂವತ್ತು ವರ್ಷ ಹಿಡಿಯಿತು.

ನಮ್ಮಲ್ಲಿ ಆಡುವ ಹೆಣ್ಣುಮಕ್ಕಳೇ ಇರಲಿಲ್ಲ ಎಂದಲ್ಲ. ಲೀಲಾ ರಾವ್ 1934ರಲ್ಲೇ ವಿಂಬಲ್ಡನ್ನಿನಲ್ಲಿ ಪಂದ್ಯ ಗೆದ್ದಿದ್ದರು. 1952ರಲ್ಲಿ ರೀಟಾ ದಾವರ್ ಅಲ್ಲಿ ಬಾಲಕಿಯರ ವಿಭಾಗದ ಫೈನಲ್ ತಲುಪಿದ್ದರು. 1998ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಕೊಯಮತ್ತೂರಿನ ನಿರುಪಮಾ ವೈದ್ಯನಾಥನ್ ಎರಡನೇ ಸುತ್ತಿಗೆ ಹೋದಾಗ ಪತ್ರಿಕೆಗಳು ಅದನ್ನೇ ದೊಡ್ಡ ಸುದ್ದಿ ಮಾಡಿದವು, ಮಾಡಬೇಕಾದ ಸುದ್ದಿಯೂ ಹೌದು. ಆದರೆ ಇವರೆಲ್ಲ ಟೂರ್ ಮಟ್ಟದ ಆಟ ಆಡಬೇಕೆಂದರೆ ವಿಮಾನ ಹತ್ತಲೇಬೇಕಿತ್ತು. ಗಂಡಸರ ಮಾತು ಬೇರೆ. ಅವರಿಗೆ 1996ರಲ್ಲಿ ದೆಹಲಿಯಲ್ಲಿ ಶುರುವಾಗಿ 1997ರಿಂದ ಚೆನ್ನೈಗೆ ಬಂದ ಎಟಿಪಿ ಪಂದ್ಯಾವಳಿ ಇತ್ತು. ವರ್ಷದ ಮೊದಲ ವಾರ ಬಂತೆಂದರೆ ಚೆನ್ನೈಯಲ್ಲಿ ಟೆನಿಸ್ ಎಂಬುದು ಆಗ ಪಂಚಾಂಗದಷ್ಟೇ ಖಚಿತವಾಗಿತ್ತು. ಹೆಣ್ಣುಮಕ್ಕಳಿಗೆ ಅಂಥದ್ದೊಂದು ಮನೆಯ ಅಂಗಳ ಸಿಕ್ಕಿದ್ದು 2003ರ ಫೆಬ್ರವರಿಯಲ್ಲಿ, ಹೈದರಾಬಾದಿನಲ್ಲಿ.

ಅದು ನಾಲ್ಕನೇ ಶ್ರೇಣಿಯ ಪಂದ್ಯಾವಳಿ. ಆಗ ಡಬ್ಲ್ಯುಟಿಎ ತನ್ನ ಪಂದ್ಯಾವಳಿಗಳನ್ನು ‘ಟಿಯರ್’ ಎಂಬ ಶ್ರೇಣಿಗಳಲ್ಲಿ ವಿಂಗಡಿಸುತ್ತಿತ್ತು. ಒಂದನೆಯದು ಮಯಾಮಿ, ರೋಮ್‌ನಂಥ ದೊಡ್ಡವರದು, ಕೆಳಗಿಳಿದಂತೆ ಬಹುಮಾನವೂ ಅಂಕವೂ ಕಡಿಮೆ. ಹೈದರಾಬಾದಿನ ಒಟ್ಟು ಬಹುಮಾನ 1,40,000 ಡಾಲರ್. ಈ ಮೊತ್ತಕ್ಕೆ ವಿಶ್ವದ ಮೊದಲ ಹತ್ತರೊಳಗಿನವರು ಬರುವುದಿಲ್ಲ. ಐವತ್ತರಿಂದ ನೂರೈವತ್ತರ ನಡುವೆ ಏಗುತ್ತಿರುವವರು, ಮೇಲೆ ಹತ್ತುತ್ತಿರುವ ಹುಡುಗಿಯರು, ಇಳಿಯುವ ಹಾದಿಯಲ್ಲಿರುವ ಹಿರಿಯರು ಬರುತ್ತಾರೆ. ಈ ನಡುಮನೆಯವರ ಬದುಕು ಟೆನಿಸ್ ಪುಟಗಳಲ್ಲಿ ಕಾಣುವುದು ಅಪರೂಪ. ಪಂದ್ಯಾವಳಿಯ ಸ್ವರೂಪವನ್ನು ತೀರ್ಮಾನಿಸಿದ್ದು ಇವರೇ ಆದ್ದರಿಂದ ಆ ಬದುಕಿನ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ.

ಇಂಥ ಪಂದ್ಯಾವಳಿಯಲ್ಲಿ ಸಿಂಗಲ್ಸ್ ಡ್ರಾ ಸಾಮಾನ್ಯವಾಗಿ 32 ಮಂದಿಯದು. ಐದು ಸುತ್ತು, 31 ಪಂದ್ಯ. ಎಂಟು ಮಂದಿ ಶ್ರೇಯಾಂಕಿತರು. ಹೆಚ್ಚಿನ ಸ್ಥಾನಗಳು ವಿಶ್ವ ರ‍್ಯಾಂಕಿಂಗ್ ಪ್ರಕಾರ ಭರ್ತಿಯಾಗುತ್ತವೆ. ಕೆಲವು ಸ್ಥಾನಗಳಿಗೆ ಅರ್ಹತಾ ಸುತ್ತು ಗೆದ್ದು ಬರಬೇಕು. ಉಳಿದ ಕೆಲವು ಸಂಘಟಕರ ಕೈಯಲ್ಲಿರುವ ವೈಲ್ಡ್ ಕಾರ್ಡ್‌ಗಳು. ಈ ವೈಲ್ಡ್ ಕಾರ್ಡ್‌ಗಳೇ ಆತಿಥ್ಯ ವಹಿಸಿದ ದೇಶಕ್ಕೆ ಸಿಗುವ ನಿಜವಾದ ಲಾಭ. ರ‍್ಯಾಂಕಿಂಗ್ 300ರ ಆಚೆಗಿರುವ ಸ್ಥಳೀಯ ಹುಡುಗಿ ಒಮ್ಮೆಗೇ ಮುಖ್ಯ ಡ್ರಾದಲ್ಲಿ ನಿಂತು ವಿಶ್ವದ 60ನೆಯವಳ ಸರ್ವಿಸ್ ಎದುರಿಸುತ್ತಾಳೆ. ಸೋತರೂ ಚೆಂಡು ಎಷ್ಟು ವೇಗವಾಗಿ ಬರುತ್ತದೆಂದು ಅವಳಿಗೆ ತಿಳಿದಿರುತ್ತದೆ. ಅದನ್ನು ಹೇಳಿಕೊಡುವ ಕೋಚ್ ಇಲ್ಲ. ಅರ್ಹತಾ ಸುತ್ತಿನ ಕಥೆ ಇನ್ನೂ ಬಿಸಿ. ಮುಖ್ಯ ಪಂದ್ಯಗಳಿಗೆ ಮುಂಚೆ, ಖಾಲಿ ಗ್ಯಾಲರಿಯೆದುರು, ಪಕ್ಕದ ಕೋರ್ಟುಗಳಲ್ಲಿ ನಡೆಯುವ ಆಟ ಅದು. ಕೊನೆಯ ಅರ್ಹತಾ ಪಂದ್ಯದಲ್ಲಿ ಸೋತವರೂ ಬ್ಯಾಗು ಕಟ್ಟದೆ ಕಾಯುತ್ತಾರೆ. ಯಾರಾದರೂ ಗಾಯಗೊಂಡು ಹಿಂದೆ ಸರಿದರೆ ‘ಲಕ್ಕಿ ಲೂಸರ್’ ಆಗಿ ಒಳಗೆ ಹೋಗಬಹುದಲ್ಲ. ಮೊದಲ ಸುತ್ತಿನಲ್ಲೇ ಸೋತು ಹೊರಟರೆ ವಿಮಾನದ ಖರ್ಚು, ಕೋಚ್‌ನ ಖರ್ಚು, ಹೋಟೆಲಿನ ಖರ್ಚು ಕಳೆದು ಕೈಯಲ್ಲಿ ಉಳಿಯುವುದು ಬಹಳ ಕಡಿಮೆ. ಒಂದು ವಾರ ಗೆದ್ದರೆ ಆರು ತಿಂಗಳ ಉಸಿರು.

ಹೈದರಾಬಾದಿನ ಮೊದಲ ಫೈನಲ್‌ನಲ್ಲಿ ಥಾಯ್ಲೆಂಡಿನ ತಮಾರಿನ್ ತನಸುಗರ್ನ್ ಉಜ್ಬೇಕಿಸ್ತಾನದ ಇರೋಡಾ ತುಲ್ಯಗನೋವಾ ಅವರನ್ನು 6-4, 6-4ರಿಂದ ಸೋಲಿಸಿದರು. ವರ್ಷಗಟ್ಟಲೆ ಟೂರ್‌ನಲ್ಲಿದ್ದು, ಫೈನಲ್ ಮುಟ್ಟಿ ಮುಟ್ಟಿ ಸೋತಿದ್ದ ತನಸುಗರ್ನ್‌ಗೆ ಅದು ಮೊದಲ ಸಿಂಗಲ್ಸ್ ಪ್ರಶಸ್ತಿ. ಮರುವರ್ಷ ಆಸ್ಟ್ರೇಲಿಯಾದ ನಿಕೋಲ್ ಪ್ರಾಟ್ ರಷ್ಯಾದ ಮರಿಯಾ ಕಿರಿಲೆಂಕೊ ವಿರುದ್ಧ 7-6, 6-1ರಿಂದ ಗೆದ್ದರು. ಪ್ರಾಟ್‌ಗೆ ಆಗ ಮೂವತ್ತು ದಾಟಿತ್ತು, ಎದುರಿದ್ದ ಕಿರಿಲೆಂಕೊ ಹದಿನೇಳರ ಹುಡುಗಿ. ಪ್ರಾಟ್ ಬಾಳಿನಲ್ಲಿ ಗೆದ್ದ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಅದೊಂದೇ. ಮೊದಲನೆಯದು ಮತ್ತು ಕಡೆಯದು ಒಂದೇ ವಾರದಲ್ಲಿ ಬಂದು ಹೋಯಿತು.

ಅದೇ 2004ರಲ್ಲಿ ಡಬಲ್ಸ್ ಫಲಿತಾಂಶದ ಕಡೆಗೆ ಹೆಚ್ಚು ಜನ ಕಣ್ಣು ಹಾಯಿಸಿರಲಿಕ್ಕಿಲ್ಲ. ದಕ್ಷಿಣ ಆಫ್ರಿಕಾದ ಲೀಜೆಲ್ ಹ್ಯೂಬರ್ ಜತೆ ಸೇರಿ ಗೆದ್ದ ಹುಡುಗಿ ಊರಿನವಳೇ, ಹದಿನೇಳು ವರ್ಷದ ಸಾನಿಯಾ ಮಿರ್ಜಾ. ಭಾರತದ ಮಹಿಳೆಯೊಬ್ಬರು ಡಬ್ಲ್ಯುಟಿಎ ಟೂರ್ ಪ್ರಶಸ್ತಿ ಗೆದ್ದದ್ದು ಅದೇ ಮೊದಲು.

ಮುಂದಿನ ವರ್ಷ ಕಣ್ಣು ಹಾಯಿಸದವರೇ ಇರಲಿಲ್ಲ. 2005ರ ಜನವರಿಯಲ್ಲಿ ಸಾನಿಯಾ ಆಸ್ಟ್ರೇಲಿಯನ್ ಓಪನ್‌ನ ಮೂರನೇ ಸುತ್ತಿಗೆ ಹೋಗಿ, ಅಲ್ಲಿ ಸೆರೆನಾ ವಿಲಿಯಮ್ಸ್‌ಗೆ ಸೋತು ಮನೆಗೆ ಮರಳಿದ್ದರು. ಸೋತು ಬಂದವರಿಗೆ ಇಂಥ ಸ್ವಾಗತ ಸಿಕ್ಕಿದ್ದನ್ನು ದೇಶದ ಟೆನಿಸ್ ಅದುವರೆಗೆ ಕಂಡಿರಲಿಲ್ಲ. ಫೆಬ್ರವರಿ 12ರಂದು ಹೈದರಾಬಾದಿನ ಫೈನಲ್‌ನಲ್ಲಿ ಅವರ ಎದುರಿಗಿದ್ದವರು ಉಕ್ರೇನಿನ ಅಲೋನಾ ಬೊಂಡಾರೆಂಕೊ. ಮೊದಲ ಸೆಟ್ 6-4 ಸಾನಿಯಾಗೆ. ಎರಡನೆಯದು 5-7ರಲ್ಲಿ ಕೈತಪ್ಪಿತು. ಹದಿನೆಂಟರ ಹುಡುಗಿ, ಸುತ್ತ ತನ್ನದೇ ಊರು, ಗೆಲ್ಲಲೇಬೇಕೆಂಬ ಸಾವಿರಾರು ಜನರ ಹಟ, ಸಮಬಲವಾದ ಸೆಟ್ಟುಗಳು. ಇಂಥ ಹೊತ್ತಿನಲ್ಲಿ ತವರಿನ ಗದ್ದಲ ಆಟಗಾರರಿಗೆ ಬಲವಾಗುವುದಕ್ಕಿಂತ ಭಾರವಾಗುವುದೇ ಹೆಚ್ಚು. ಸಾನಿಯಾ ಮೂರನೆಯ ಸೆಟ್ಟನ್ನು 6-3ರಿಂದ ಮುಗಿಸಿದರು. ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. ಎರಡನೆಯವರು ಇನ್ನೂ ಬಂದಿಲ್ಲ. ಆಮೇಲೆ ಸಾನಿಯಾ ವಿಶ್ವದ 27ನೇ ಸ್ಥಾನಕ್ಕೇರಿದರು, ಡಬಲ್ಸ್‌ ಮತ್ತು ಮಿಶ್ರ ಡಬಲ್ಸ್‌ನಲ್ಲಿ ಆರು ಗ್ರ್ಯಾಂಡ್‌ಸ್ಲಾಮ್ ಗೆದ್ದರು. ಸಿಂಗಲ್ಸ್‌ನಲ್ಲಿ ಮಾತ್ರ ಆ ಹೈದರಾಬಾದಿನ ಬಟ್ಟಲೇ ಮೊದಲನೆಯದು, ಅದೇ ಕೊನೆಯದು.

2006ರ ಫೆಬ್ರವರಿಗೆ ಪಂದ್ಯಾವಳಿ ಬೆಂಗಳೂರಿಗೆ ಬಂತು. ಒಂದು ಮೆಟ್ಟಿಲು ಮೇಲೇರಿ ಮೂರನೇ ಶ್ರೇಣಿಯದಾಗಿತ್ತು. ಬೆಂಗಳೂರಿಗೆ ಇದರಲ್ಲಿ ಅನುಕೂಲಗಳಿದ್ದವು. ಕಬ್ಬನ್ ಪಾರ್ಕಿನೊಳಗೆ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕೋರ್ಟುಗಳಿದ್ದವು, ಸಂಸ್ಥೆಗೆ ಎಸ್.ಎಂ. ಕೃಷ್ಣ ಅವರ ಬೆನ್ನಾಸರೆಯಿತ್ತು. ಮುಖ್ಯಮಂತ್ರಿ, ರಾಜ್ಯಪಾಲ, ವಿದೇಶಾಂಗ ಸಚಿವ ಎಂದು ಅವರ ಹುದ್ದೆಗಳನ್ನು ಎಣಿಸುವವರು ಟೆನಿಸ್ಸನ್ನು ಕೊನೆಗೆ ಸೇರಿಸುತ್ತಾರೆ. ರಾಕೆಟ್ ಹಿಡಿದು ಕೋರ್ಟಿಗಿಳಿಯುವ ರಾಜಕಾರಣಿ ನಮ್ಮಲ್ಲಿ ಎಷ್ಟು ಮಂದಿ ಇದ್ದರು? ಇಂದು ಆ ಕ್ರೀಡಾಂಗಣಕ್ಕೆ ಅವರದೇ ಹೆಸರಿದೆ. ಹವೆಯೂ ಸಹಾಯಕ್ಕಿತ್ತು. ಫೆಬ್ರವರಿಯ ಬೆಂಗಳೂರು ಹೊರನಾಡಿನ ಆಟಗಾರ್ತಿಯರಿಗೆ ಏಷ್ಯಾದ ಬಹಳಷ್ಟು ಊರುಗಳಿಗಿಂತ ಹಿತ. ಇಲ್ಲಿನ ಎತ್ತರದಿಂದಾಗಿ ಚೆಂಡು ಸ್ವಲ್ಪ ಹೆಚ್ಚೇ ಹಾರುತ್ತದೆ. ಬಂದವರು ಮೊದಲ ಎರಡು ದಿನ ಬೇಸ್‌ಲೈನಿನಾಚೆಗೆ ಹೊಡೆಯುತ್ತಾರೆ, ಆಮೇಲೆ ರಾಕೆಟ್ಟಿನ ತಂತಿಯನ್ನು ಒಂದೆರಡು ಪೌಂಡ್ ಬಿಗಿ ಮಾಡಿಸಿಕೊಳ್ಳುತ್ತಾರೆ. ಎತ್ತರದ ಊರುಗಳಲ್ಲಿ ತಂತಿ ಹಾಕುವವನ ಯಂತ್ರದೆದುರು ರಾಕೆಟ್ಟುಗಳ ಸಾಲು ಉದ್ದವಾಗಿರುವುದಕ್ಕೆ ಇದೇ ಕಾರಣ.

2006ರ ಫೈನಲ್ ಇಟಲಿಯ ಮಾರಾ ಸಾಂತಾಂಜೆಲೊ ಮತ್ತು ಕ್ರೊಯೇಷಿಯಾದ ಯೆಲೆನಾ ಕೋಸ್ತಾನಿಚ್ ನಡುವೆ. ಸಾಂತಾಂಜೆಲೊ ಮೊದಲ ಸೆಟ್ 3-6ರಿಂದ ಸೋತರು, ಎರಡನೆಯದನ್ನು ಟೈಬ್ರೇಕರ್‌ನಲ್ಲಿ ಹಿಡಿದುಕೊಂಡರು, ಮೂರನೆಯದನ್ನು 6-3ರಿಂದ ಗೆದ್ದರು. ಎತ್ತರದ ಹೆಣ್ಣು. ಸರ್ವ್ ಮಾಡಿ ನೆಟ್ ಕಡೆಗೆ ನುಗ್ಗುವ, ಆಗಲೇ ಹಳತಾಗುತ್ತಿದ್ದ ಆಟ ಅವರದು. ಅದೇ ವರ್ಷ ಇಟಲಿ ಮೊದಲ ಬಾರಿಗೆ ಫೆಡ್ ಕಪ್ ಗೆದ್ದಾಗ ಅವರು ತಂಡದಲ್ಲಿದ್ದರು, ಮರುವರ್ಷ ಅಲೀಸಿಯಾ ಮೋಲಿಕ್ ಜತೆ ಫ್ರೆಂಚ್ ಓಪನ್ ಡಬಲ್ಸ್ ಗೆದ್ದರು. ಸಿಂಗಲ್ಸ್‌ನಲ್ಲಿ ಮಾತ್ರ ಬೆಂಗಳೂರಿನದೊಂದೇ ಪ್ರಶಸ್ತಿ. 2006ರ ಡಬಲ್ಸ್ ಬಟ್ಟಲು ಮತ್ತೆ ಹ್ಯೂಬರ್ ಮತ್ತು ಸಾನಿಯಾ ಜೋಡಿಗೆ ಹೋಯಿತು. ಹೀಗೆ ಸಾನಿಯಾ ಹೆಸರು ಬೆಂಗಳೂರಿನ ವಿಜೇತರ ಪಟ್ಟಿಯಲ್ಲೂ ಇದೆ. ಇದನ್ನು ನೆನಪಿಡುವವರು ಕಡಿಮೆ.

2007ರಲ್ಲಿ ಸಾಂತಾಂಜೆಲೊ ಮತ್ತೆ ಫೈನಲ್ ತಲುಪಿದರು. ಈ ಬಾರಿ ಎದುರಿಗಿದ್ದವರು ರಷ್ಯಾದ ಹತ್ತೊಂಬತ್ತರ ಯಾರೋಸ್ಲಾವಾ ಶ್ವೆಡೋವಾ. 6-4, 6-4ರಿಂದ ಪ್ರಶಸ್ತಿ ಹುಡುಗಿಯ ಪಾಲಾಯಿತು. ಶ್ವೆಡೋವಾ ಮುಂದೆ ಕಜಕಸ್ತಾನದ ಪರವಾಗಿ ಆಡಿದರು, 2010ರಲ್ಲಿ ವಾನಿಯಾ ಕಿಂಗ್ ಜತೆ ವಿಂಬಲ್ಡನ್ ಮತ್ತು ಅಮೆರಿಕನ್ ಓಪನ್ ಡಬಲ್ಸ್ ಎರಡನ್ನೂ ಗೆದ್ದರು. 2012ರ ವಿಂಬಲ್ಡನ್ನಿನ ಮೂರನೇ ಸುತ್ತಿನಲ್ಲಿ ಅವರು ಮಾಡಿದ್ದನ್ನು ಗ್ರ್ಯಾಂಡ್‌ಸ್ಲಾಮ್ ಚರಿತ್ರೆಯಲ್ಲಿ ಅದಕ್ಕೆ ಮೊದಲು ಯಾವ ಹೆಣ್ಣೂ ಮಾಡಿರಲಿಲ್ಲ. ಆ ವರ್ಷದ ಫ್ರೆಂಚ್ ಓಪನ್ ಫೈನಲಿಸ್ಟ್ ಸಾರಾ ಎರ್ರಾನಿ ವಿರುದ್ಧ ಮೊದಲ ಸೆಟ್ಟಿನಲ್ಲಿ ಒಂದು ಪಾಯಿಂಟನ್ನೂ ಬಿಟ್ಟುಕೊಡಲಿಲ್ಲ. ಆರು ಗೇಮ್, ಇಪ್ಪತ್ನಾಲ್ಕು ಪಾಯಿಂಟ್, ಇಪ್ಪತ್ನಾಲ್ಕೂ ಶ್ವೆಡೋವಾರವು. ಮುಂದಿನ ಸುತ್ತಿನಲ್ಲಿ ಅವರನ್ನು ಮೂರು ಸೆಟ್‌ಗಳಲ್ಲಿ ಸೋಲಿಸಿದವರು ಸೆರೆನಾ. ವಿಂಬಲ್ಡನ್ನಿನ ಹುಲ್ಲಿನ ಮೇಲೆ ಬೆಂಗಳೂರಿನ ಇಬ್ಬರು ಚಾಂಪಿಯನ್ನರು ಮುಖಾಮುಖಿಯಾದ ಪಂದ್ಯವದು. ಹಾಗೆಂದು ಯಾವ ಪತ್ರಿಕೆಯೂ ಬರೆಯಲಿಲ್ಲ, ಬರೆಯಬೇಕಾದವರು ನಾವೇ ಆಗಿದ್ದೆವು. ಇಷ್ಟೆಲ್ಲ ಸಾಧಿಸಿದ ಶ್ವೆಡೋವಾಗೂ ಸಿಂಗಲ್ಸ್ ಪ್ರಶಸ್ತಿ ಒಂದೇ, ಬೆಂಗಳೂರಿನದು.

ಈಗ ಎಣಿಸಿ ನೋಡಿ. ಮೊದಲ ಐದು ವರ್ಷಗಳ ಐವರು ವಿಜೇತರಲ್ಲಿ ಪ್ರಾಟ್, ಸಾನಿಯಾ, ಸಾಂತಾಂಜೆಲೊ, ಶ್ವೆಡೋವಾ ಈ ನಾಲ್ವರಿಗೆ ಇಡೀ ವೃತ್ತಿಜೀವನದ ಏಕೈಕ ಸಿಂಗಲ್ಸ್ ಕಿರೀಟ ಸಿಕ್ಕಿದ್ದು ಇಲ್ಲೇ. ಐದನೆಯವರಾದ ತನಸುಗರ್ನ್‌ಗೆ ಮೊದಲನೆಯದು ಸಿಕ್ಕಿದ್ದೂ ಇಲ್ಲೇ, ಆಮೇಲೆ ಅವರು ಇನ್ನೂ ಮೂರು ಗೆದ್ದರು. ಆರನೆಯವರು ಸೆರೆನಾ, ಒಟ್ಟು 73 ಸಿಂಗಲ್ಸ್ ಪ್ರಶಸ್ತಿಗಳ ಒಡತಿ. ನಾವು ನೆನಪಿಟ್ಟುಕೊಂಡಿರುವುದು ಆ ಎಪ್ಪತ್ತಮೂರರಲ್ಲಿ ಒಂದಾದ ಬೆಂಗಳೂರನ್ನು. ಬೆಂಗಳೂರೂ ಹೈದರಾಬಾದೂ ಸರ್ವಸ್ವವಾಗಿದ್ದ ನಾಲ್ವರನ್ನು ಮರೆತಿದ್ದೇವೆ, ಸಾನಿಯಾ ಒಬ್ಬರನ್ನು ಬಿಟ್ಟು. ಪಂದ್ಯಾವಳಿಯೊಂದರ ಯೋಗ್ಯತೆಯನ್ನು ಅಳೆಯುವುದು ಯಾರು ಬಂದು ಹೋದರು ಎಂಬುದರಿಂದಲೋ, ಯಾರಿಗೆ ಅದು ಬಾಗಿಲು ತೆರೆಯಿತು ಎಂಬುದರಿಂದಲೋ? ಎರಡನೆಯ ಲೆಕ್ಕದಲ್ಲಿ ಇದು ದೊಡ್ಡ ಪಂದ್ಯಾವಳಿ.

ಹಾಗೆಂದು 2008ನ್ನು ಹಗುರ ಮಾಡುವಂತಿಲ್ಲ. ಆ ವರ್ಷ ಪಂದ್ಯಾವಳಿ ಎರಡನೇ ಶ್ರೇಣಿಗೆ ಹಾರಿತು. ಒಟ್ಟು ಬಹುಮಾನ 6,00,000 ಡಾಲರ್. ಪ್ರಾಯೋಜಕತ್ವ ನಮ್ಮೂರಿನದೇ ಕೆನರಾ ಬ್ಯಾಂಕಿನದು. ದಿನಾಂಕ ಫೆಬ್ರವರಿಯಿಂದ ಮಾರ್ಚ್ ಮೊದಲ ವಾರಕ್ಕೆ ಸರಿಯಿತು. ಈ ಸರಿದಾಟ ಸಣ್ಣ ಸಂಗತಿಯಂತೆ ಕಂಡರೂ ವಿಲಿಯಮ್ಸ್ ಸೋದರಿಯರು ಬಂದದ್ದರ ಅರ್ಧ ಗುಟ್ಟು ಇಲ್ಲಿದೆ ಎಂದು ನನ್ನ ಎಣಿಕೆ. ಹಿಂದಿನ ವಾರ ದುಬೈ ಪಂದ್ಯಾವಳಿ, ಮುಂದಿನ ವಾರ ಕ್ಯಾಲಿಫೋರ್ನಿಯಾದ ಇಂಡಿಯನ್ ವೆಲ್ಸ್. ದುಬೈಯಿಂದ ಬೆಂಗಳೂರು ಹತ್ತಿರ ಸರಿ, ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾ ಅರ್ಧ ಭೂಮಿ ಸುತ್ತಬೇಕು. ಹೆಚ್ಚಿನ ಅಗ್ರ ಆಟಗಾರ್ತಿಯರಿಗೆ ಅದು ಆಗದ ಮಾತು. ವೀನಸ್ ಮತ್ತು ಸೆರೆನಾಗೆ ಆ ತಾಪತ್ರಯವಿರಲಿಲ್ಲ. 2001ರಲ್ಲಿ ಇಂಡಿಯನ್ ವೆಲ್ಸ್ ಫೈನಲ್‌ನಲ್ಲಿ ಪ್ರೇಕ್ಷಕರು ಸೆರೆನಾರನ್ನು ಹೀಯಾಳಿಸಿದ ಮೇಲೆ ಇಬ್ಬರೂ ಅಲ್ಲಿ ಆಡುವುದನ್ನೇ ಬಿಟ್ಟಿದ್ದರು. ಸೆರೆನಾ ಅಲ್ಲಿಗೆ ಮರಳಿದ್ದು 2015ರಲ್ಲಿ, ವೀನಸ್ 2016ರಲ್ಲಿ. ಎಲ್ಲರೂ ಮರುಭೂಮಿಯ ಕಡೆ ಹೊರಡುವ ಹೊತ್ತಿಗೆ ಕೈಖಾಲಿಯಿದ್ದ ಇಬ್ಬರು ಮಹಾ ಆಟಗಾರ್ತಿಯರು ಕಬ್ಬನ್ ಪಾರ್ಕಿಗೆ ಸಿಕ್ಕಿದರು. ಅಗ್ರ ಶ್ರೇಯಾಂಕದ ಸರ್ಬಿಯಾದ ಯೆಲೆನಾ ಯಾಂಕೋವಿಚ್ ಕೂಡ ಬಂದಿದ್ದರು. ಅದೇ ಆಗಸ್ಟ್‌ನಲ್ಲಿ ಅವರು ವಿಶ್ವದ ನಂಬರ್ ಒನ್ ಆದರು.

ಬಾರದವರೆಂದರೆ ಸಾನಿಯಾ. ಮಸೀದಿಯಲ್ಲಿ ಜಾಹೀರಾತು ಚಿತ್ರೀಕರಣ ಎಂಬ ಗಲಾಟೆ, ರಾಷ್ಟ್ರಧ್ವಜಕ್ಕೆ ಅಗೌರವ ಎಂಬ ದೂರು, ಒಂದರ ಹಿಂದೊಂದು ತಕರಾರುಗಳಿಂದ ಬೇಸತ್ತು ಬೆಂಗಳೂರಿನಲ್ಲಿ ಆಡುವುದಿಲ್ಲವೆಂದು ಅವರು ಫೆಬ್ರವರಿಯಲ್ಲಿ ಹೇಳಿದರು. ದೇಶದ ಅತಿ ದೊಡ್ಡ ಮಹಿಳಾ ಪಂದ್ಯಾವಳಿಯಲ್ಲಿ ದೇಶದ ಅತಿ ದೊಡ್ಡ ಆಟಗಾರ್ತಿ ಇರಲಿಲ್ಲ. ಅದಕ್ಕೆ ಅವರನ್ನು ದೂರುವುದು ನ್ಯಾಯವಲ್ಲ. ಇಪ್ಪತ್ತೊಂದು ವರ್ಷದ ಕ್ರೀಡಾಪಟುವಿನ ಬಟ್ಟೆ, ಮಾತು, ಕಾಲು ಇಟ್ಟ ಜಾಗ ಎಲ್ಲವನ್ನೂ ಪಂಚಾಯಿತಿಗೆ ಎಳೆದವರು ನಾವು.

ಆ ವಾರದ ಫೈನಲ್‌ಗಿಂತ ಸೆಮಿಫೈನಲ್ ದೊಡ್ಡದು. ವೀನಸ್ ಮತ್ತು ಸೆರೆನಾ 2005ರ ಅಮೆರಿಕನ್ ಓಪನ್ ಬಳಿಕ ಒಬ್ಬರಿಗೊಬ್ಬರು ಎದುರಾಗಿಯೇ ಇರಲಿಲ್ಲ. ಎರಡೂವರೆ ವರ್ಷದ ಮೇಲೆ ಆ ಮುಖಾಮುಖಿ ನಡೆದದ್ದು ನ್ಯೂಯಾರ್ಕಿನಲ್ಲಲ್ಲ, ಲಂಡನ್ನಿನಲ್ಲಲ್ಲ, ಬೆಂಗಳೂರಿನಲ್ಲಿ. ಅದುವರೆಗಿನ ಹದಿನಾಲ್ಕು ಪಂದ್ಯಗಳಲ್ಲಿ ಇಬ್ಬರೂ ಏಳೇಳು ಗೆದ್ದು ಸಮಸಮ. ಸೆರೆನಾ ಮೊದಲ ಸೆಟ್ 6-3ರಿಂದ ಗೆದ್ದರು, ವೀನಸ್ ಎರಡನೆಯದನ್ನು ಅದೇ 6-3ರಿಂದ ಹಿಂದಕ್ಕೆ ಪಡೆದರು. ಮೂರನೆಯ ಸೆಟ್ಟಿನಲ್ಲಿ ವೀನಸ್‌ಗೆ ಒಂದು ಮ್ಯಾಚ್ ಪಾಯಿಂಟ್ ಸಿಕ್ಕಿತು. ಸೆರೆನಾ ಅದನ್ನು ಉಳಿಸಿಕೊಂಡು ಪಂದ್ಯವನ್ನು ಟೈಬ್ರೇಕರ್‌ಗೆ ಎಳೆದರು, ಅಲ್ಲಿ 7-4ರಿಂದ ಗೆದ್ದರು. ಅಕ್ಕ ತಂಗಿಯರ ಆಟದಲ್ಲಿ ಗೆದ್ದವಳು ಕುಣಿಯುವುದಿಲ್ಲ, ನೋಡುವವರಿಗೂ ಯಾರ ಪರ ಚಪ್ಪಾಳೆ ತಟ್ಟಬೇಕೆಂದು ತಿಳಿಯುವುದಿಲ್ಲ. ಆದರೂ ಮ್ಯಾಚ್ ಪಾಯಿಂಟ್ ಉಳಿಸಿದ ಸೆಣಸಾಟ ಎಂಬ ಮಾತೇ ಸಾಕು, ಇಬ್ಬರೂ ಬಂದುಹೋಗಲು ಬಂದವರಲ್ಲ, ಆಡಲು ಬಂದವರು ಎನ್ನಲು. ಫೈನಲ್‌ನಲ್ಲಿ ಸೆರೆನಾ ಸ್ವಿಟ್ಜರ್ಲೆಂಡಿನ ಎಡಗೈ ಆಟಗಾರ್ತಿ ಪ್ಯಾಟಿ ಶ್ನೈಡರ್ ಅವರನ್ನು 7-5, 6-3ರಿಂದ ಸೋಲಿಸಿದರು. ಡಬಲ್ಸ್ ಚೀನಾದ ಪೆಂಗ್ ಶುವಾಯಿ ಮತ್ತು ಸುನ್ ತಿಯಾಂತಿಯಾನ್ ಪಾಲಿಗೆ ಹೋಯಿತು.

ಬೆಂಗಳೂರಿನ ಆ ವಾರ 2008ರ ಮಹಿಳಾ ಟೆನಿಸ್ಸಿನ ಮುನ್ನುಡಿಯಂತಿತ್ತು. ಇಲ್ಲಿಂದ ಹೋದ ಸೆರೆನಾ ಮಯಾಮಿಯಲ್ಲಿ ಗೆದ್ದರು, ಫೈನಲ್‌ನಲ್ಲಿ ಸೋತವರು ಯಾಂಕೋವಿಚ್. ನಾಲ್ಕು ತಿಂಗಳಿಗೆ ಅಕ್ಕ ತಂಗಿಯರು ವಿಂಬಲ್ಡನ್ ಫೈನಲ್‌ನಲ್ಲಿ ಭೇಟಿಯಾದರು, ಈ ಬಾರಿ ವೀನಸ್ ಸೇಡು ತೀರಿಸಿಕೊಂಡರು. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜತೆಯಾಗಿ ಚಿನ್ನ ಗೆದ್ದರು. ಸೆಪ್ಟೆಂಬರ್‌ನಲ್ಲಿ ಸೆರೆನಾ ಅಮೆರಿಕನ್ ಓಪನ್ ಗೆದ್ದರು, ಫೈನಲ್‌ನಲ್ಲಿ ಮತ್ತೆ ಯಾಂಕೋವಿಚ್.

ಬೆಂಗಳೂರಿಗೆ ಮಾತ್ರ 2009 ಬರಲೇ ಇಲ್ಲ. ಆ ವರ್ಷದಿಂದ ಡಬ್ಲ್ಯುಟಿಎ ಹಳೆಯ ಶ್ರೇಣಿಗಳನ್ನೆಲ್ಲ ಕಿತ್ತುಹಾಕಿ ಪ್ರೀಮಿಯರ್, ಇಂಟರ್‌ನ್ಯಾಷನಲ್ ಎಂಬ ಎರಡೇ ವರ್ಗ ಮಾಡಿತು. ಪಂದ್ಯಾವಳಿಗಳ ಸಂಖ್ಯೆಯೂ ವಾರಗಳೂ ಹೊಸದಾಗಿ ಹಂಚಿಕೆಯಾದವು. ಟೂರ್‌ನಲ್ಲಿ ಒಂದು ವಾರ ಅನ್ನುವುದು ಪೇಟೆಯ ಮೂಲೆ ನಿವೇಶನವಿದ್ದಂತೆ, ಹಿಡಿದವರು ಬಿಡುವುದಿಲ್ಲ, ಬಿಟ್ಟವರಿಗೆ ಮತ್ತೆ ಸಿಗುವುದಿಲ್ಲ. ಕಾಲವೂ ಕೆಟ್ಟಿತ್ತು. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಬಾಂಬ್ ಸ್ಫೋಟ. ಅದೇ ವರ್ಷ ಇಲ್ಲಿ ನಡೆಯಬೇಕಿದ್ದ ಪುರುಷರ ಎಟಿಪಿ ಪಂದ್ಯಾವಳಿ ಭದ್ರತೆಯ ಕಾರಣಕ್ಕೆ ರದ್ದಾಯಿತು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಬ್ಯಾಂಕುಗಳು ಉರುಳಿ, ಜಗತ್ತಿನಾದ್ಯಂತ ಪ್ರಾಯೋಜಕರು ಕೈ ಹಿಂದೆಗೆದರು. ಇದೆಲ್ಲ ಹೊರಗಿನ ಕಾರಣ. ಒಳಗಿನ ಮಾತನ್ನೂ ಹೇಳಬೇಕು. ನಾಲ್ಕನೇ ಶ್ರೇಣಿಯಿಂದ ಎರಡನೇ ಶ್ರೇಣಿಗೆ ಐದೇ ವರ್ಷದಲ್ಲಿ ಏರಿದ್ದು ಹೆಮ್ಮೆಯ ವಿಷಯವೇ, ಆದರೆ ಏರಿದಷ್ಟೂ ಪ್ರತಿ ವರ್ಷ ಹೊಂದಿಸಬೇಕಾದ ಹಣದ ಮೊತ್ತವೂ ಏರಿತ್ತು. ಒಂದು ವರ್ಷ ಪ್ರಾಯೋಜಕ ತಪ್ಪಿದರೆ ಸಣ್ಣ ಪಂದ್ಯಾವಳಿ ಹೇಗಾದರೂ ಏಗುತ್ತದೆ, ದೊಡ್ಡದು ಬೀಳುತ್ತದೆ. 2006ರ ಮೂರನೇ ಶ್ರೇಣಿಯಲ್ಲೇ ಹತ್ತು ವರ್ಷ ನೆಲೆ ನಿಂತಿದ್ದರೆ ಸೆರೆನಾ ಬರುತ್ತಿರಲಿಲ್ಲ. ಪಂದ್ಯಾವಳಿ ಉಳಿಯುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಕೋಲ್ಕತ್ತಾದ ಕಥೆಯೂ ಹೆಚ್ಚು ಕಡಿಮೆ ಇದೇ. ಅಲ್ಲಿ 2005ರಿಂದ 2007ರವರೆಗೆ ನಡೆದ ಸನ್‌ಫೀಸ್ಟ್ ಓಪನ್‌ನಲ್ಲಿ ಅನಸ್ತಾಸಿಯಾ ಮಿಸ್ಕಿನಾ, ಮಾರ್ಟಿನಾ ಹಿಂಗಿಸ್, ಕೊನೆಗೆ ಹೈದರಾಬಾದಿನಲ್ಲಿ ಸೋತಿದ್ದ ಅದೇ ಕಿರಿಲೆಂಕೊ ಗೆದ್ದರು. ಅದೂ ಮುಂದುವರಿಯಲಿಲ್ಲ. ಟೂರ್ ಮಟ್ಟದ ಮಹಿಳಾ ಪಂದ್ಯಾವಳಿ ಭಾರತಕ್ಕೆ ಮರಳಿದ್ದು 2022ರ ಸೆಪ್ಟೆಂಬರ್‌ನಲ್ಲಿ, ಚೆನ್ನೈಗೆ. ಬೆಂಗಳೂರಿನ ನಂತರ ಹದಿನಾಲ್ಕು ವರ್ಷದ ಬಿಡುವು. ನಡುವಣ ಕಾಲದಲ್ಲಿ ಟೂರ್‌ಗಿಂತ ಒಂದು ಮೆಟ್ಟಿಲು ಕೆಳಗಿನ 125 ದರ್ಜೆಯ ಪಂದ್ಯಾವಳಿಗಳು ಬಂದು ಹೋದವು. 2012ರಲ್ಲಿ ಪುಣೆಯಲ್ಲಿ ಹದಿನೆಂಟರ ಎಲಿನಾ ಸ್ವಿಟೋಲಿನಾ ನಲವತ್ತೆರಡರ ಕಿಮಿಕೊ ದಾತೆ ಅವರನ್ನು ಫೈನಲ್‌ನಲ್ಲಿ ಸೋಲಿಸಿದರು. 2017ರಲ್ಲಿ ಮುಂಬೈಯಲ್ಲಿ ಗೆದ್ದ ಹತ್ತೊಂಬತ್ತರ ಹುಡುಗಿಯ ಹೆಸರು ಅರೀನಾ ಸಬಲೆಂಕಾ. ಅಂದು ಟಿಕೆಟ್ ಕೊಂಡು ಅವರನ್ನು ನೋಡಿದವರು ಇಂದು ಅದನ್ನು ಮೊಮ್ಮಕ್ಕಳಿಗೆ ಹೇಳಿಕೊಳ್ಳಬಹುದು. ಚೆನ್ನೈಯ 2022ರ ಫೈನಲ್‌ನಲ್ಲಿ ಚೆಕ್ ಗಣರಾಜ್ಯದ ಹದಿನೇಳರ ಲಿಂಡಾ ಫ್ರುಹ್ವಿರ್ತೋವಾ ಪೋಲೆಂಡಿನ ಮಾಗ್ದಾ ಲಿನೆಟ್ ಎದುರು ಮೊದಲ ಸೆಟ್ ಸೋತೂ ಗೆದ್ದರು, ಅದು ಅವರ ಮೊದಲ ಡಬ್ಲ್ಯುಟಿಎ ಪ್ರಶಸ್ತಿ. 2025ರಲ್ಲಿ ಅಲ್ಲಿ ಗೆದ್ದ ಇಂಡೊನೇಷ್ಯಾದ ಜಾನಿಸ್ ಟ್ಜೆನ್‌ಗೂ ಅದು ಮೊದಲನೆಯದು. ಭಾರತದ ಪಂದ್ಯಾವಳಿಗಳ ಹಳೆಯ ಗುಣ ಕೈಬಿಟ್ಟಿಲ್ಲ.

ಬೆಂಗಳೂರೂ ಸುಮ್ಮನೆ ಕುಳಿತಿಲ್ಲ. 2023ರಲ್ಲಿ ಇಲ್ಲಿ ನಡೆದ ಐಟಿಎಫ್ ಮಹಿಳಾ ಪಂದ್ಯಾವಳಿಯ ಫೈನಲ್‌ನಲ್ಲಿ ಲಿಂಡಾರ ತಂಗಿ ಬ್ರೆಂಡಾ ನಮ್ಮ ಅಂಕಿತಾ ರೈನಾ ಅವರನ್ನು ಸೋಲಿಸಿದರು. 2025ರ ನವೆಂಬರ್‌ನಲ್ಲಿ ಬಿಲ್ಲಿ ಜೀನ್ ಕಿಂಗ್ ಕಪ್‌ನ ಪ್ಲೇ ಆಫ್ ಪಂದ್ಯಗಳಿಗೆ, ಹ್ಯೂಸ್ಟನ್‌ನ ಆ ಒಂಬತ್ತು ಮಂದಿಯ ಮುಂದಾಳುವಿನ ಹೆಸರಿನ ಕಪ್‌ಗೆ, ಎಸ್.ಎಂ. ಕೃಷ್ಣ ಕ್ರೀಡಾಂಗಣವೇ ವೇದಿಕೆಯಾಯಿತು. ಭಾರತ, ಸ್ಲೊವೇನಿಯಾ, ನೆದರ್ಲೆಂಡ್ಸ್ ತಂಡಗಳು ಇಲ್ಲಿ ಆಡಿದವು. ಕೋರ್ಟಿದೆ, ಅನುಭವವಿರುವ ಅಂಪೈರ್‌ಗಳಿದ್ದಾರೆ, ನೋಡಲು ಬರುವ ಜನರಿದ್ದಾರೆ. ಮುಂದೆ ಎಂದಾದರೂ ಬೆಂಗಳೂರು ಮತ್ತೆ ಟೂರ್ ಪಂದ್ಯಾವಳಿಗೆ ಅರ್ಜಿ ಹಾಕುವುದಾದರೆ ಕೇಳಬೇಕಾದದ್ದು ಟೂರ್‌ನ ಈಗಿನ ಶ್ರೇಣಿಗಳಲ್ಲಿ ಅತಿ ಕೆಳಗಿನದಾದ 250ರ ದರ್ಜೆ. ಎರಡೂವರೆ ಲಕ್ಷ ಡಾಲರಿಗಿಂತ ತುಸು ಹೆಚ್ಚಿನ ಬಹುಮಾನದ ಪಂದ್ಯಾವಳಿ. ಅದನ್ನು ಹತ್ತು ವರ್ಷಕ್ಕೆ ಕೇಳಬೇಕು, ಒಂದು ವರ್ಷದ ವೈಭವಕ್ಕಲ್ಲ.

ಅದಿರಲಿ, ಅದು ಸಂಸ್ಥೆಯ ಕೆಲಸ. ಓದುಗರ ಕೈಯಲ್ಲೇ ಆಗುವ ಕೆಲಸವೊಂದಿದೆ. 2006, 2007, 2008ರಲ್ಲಿ ಇಲ್ಲಿ ಚೆಂಡು ಹೆಕ್ಕಿದ ಹುಡುಗ ಹುಡುಗಿಯರು, ಲೈನ್ ಅಂಪೈರ್‌ಗಳಾಗಿ ಕುಳಿತವರು, ಅರ್ಹತಾ ಸುತ್ತಿನಲ್ಲಿ ಆಡಿದ ನಮ್ಮ ಹೆಣ್ಣುಮಕ್ಕಳು ಈಗ ಮೂವತ್ತು ನಲವತ್ತರ ಆಸುಪಾಸಿನಲ್ಲಿರುತ್ತಾರೆ. ಅವರ ಮನೆಗಳಲ್ಲಿ ಡ್ರಾ ಹಾಳೆಗಳು, ದಿನದ ಆಟದ ಪಟ್ಟಿಗಳು, ಟಿಕೆಟ್ಟುಗಳು, ಫೋಟೊಗಳು ಇನ್ನೂ ಇರಬೇಕು. ಅವನ್ನು ರದ್ದಿಗೆ ಹಾಕುವ ಮುಂಚೆ ಒಂದು ಪ್ರತಿ ತೆಗೆಸಿ ಸಂಸ್ಥೆಯ ಕಚೇರಿಗೆ ತಲುಪಿಸಿ. ಸಾಂತಾಂಜೆಲೊ, ಶ್ವೆಡೋವಾ ಇಬ್ಬರ ಪಂದ್ಯಗಳದ್ದು ಸಿಕ್ಕರೆ ಮೊದಲು ಅದನ್ನು ಕೊಡಿ. ಸೆರೆನಾರ ಫೋಟೊಗಳು ಎಲ್ಲ ಕಡೆ ಇವೆ.